ಕೂದಲಿನ ಬುಡಕ್ಕೆ ತಲುಪುವ ಸಂದೇಶ

ವೃಷಣವಿಲ್ಲದ ಗಂಡಸರಿಗೆ ಬೊಕ್ಕತಲೆ ಬರುವುದಿಲ್ಲ ಎಂಬುದು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಜನರ ಕಣ್ಣಿಗೆ ಬಿದ್ದಿತ್ತು. ಗ್ರೀಸಿನ ಹಿಪಾಕ್ರಟಿಸ್ ಹೆಸರಿನಲ್ಲಿ ಉಳಿದುಬಂದಿರುವ ವೈದ್ಯಸೂತ್ರಗಳಲ್ಲಿ ಈ ಮಾತಿದೆ. ಅದಕ್ಕೆ ಪ್ರಯೋಗದ ಆಧಾರ ಸಿಕ್ಕಿದ್ದು ಮಾತ್ರ 1942ರಲ್ಲಿ. ಅಮೆರಿಕದ ಅಂಗರಚನಾ ವಿಜ್ಞಾನಿ ಜೇಮ್ಸ್ ಹ್ಯಾಮಿಲ್ಟನ್, ನಾನಾ ಕಾರಣಗಳಿಗೆ ವೃಷಣ ಕಳೆದುಕೊಂಡಿದ್ದ ಅಥವಾ ವೃಷಣ ಬೆಳೆಯದೇ ಉಳಿದಿದ್ದ ನೂರಕ್ಕೂ ಹೆಚ್ಚು ಗಂಡಸರನ್ನು ಪರೀಕ್ಷಿಸಿ ಆ ವರ್ಷ ಒಂದು ಪ್ರಬಂಧ ಪ್ರಕಟಿಸಿದ. ಪ್ರಾಯಕ್ಕೆ ಬರುವ ಮೊದಲೇ ವೃಷಣ ಹೋದವರ ತಲೆಗೂದಲು ವಯಸ್ಸಾದರೂ ಹಣೆಯ ಅಂಚಿನಿಂದ ಹಿಂದೆ ಸರಿದಿರಲಿಲ್ಲ. ಅಂಥವರಿಗೆ ಟೆಸ್ಟೋಸ್ಟಿರೋನ್ ಚುಚ್ಚುಮದ್ದು ಕೊಟ್ಟಾಗ ಕೆಲವರ ಕೂದಲು ಉದುರತೊಡಗಿತು, ಕೆಲವರದು ಉದುರಲಿಲ್ಲ. ಉದುರಿದ್ದು ಯಾರದೆಂದು ನೋಡಿದರೆ, ಅಪ್ಪ, ಅಣ್ಣತಮ್ಮ, ಸೋದರಮಾವಂದಿರಲ್ಲಿ ಬೊಕ್ಕತಲೆ ಇದ್ದವರದು. ಚುಚ್ಚುಮದ್ದು ನಿಲ್ಲಿಸಿದಾಗ ಉದುರುವುದು ನಿಂತಿತು. ಆದರೆ ಹೋದ ಕೂದಲು ಮರಳಲಿಲ್ಲ.

ಹ್ಯಾಮಿಲ್ಟನ್ ಮುಂದೆ ಒಂದು ಅವಳಿ ಜೋಡಿಯನ್ನೂ ಪರೀಕ್ಷಿಸಿದ. ಒಂದೇ ರೂಪದ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಪೂರ್ತಿ ಬೊಕ್ಕತಲೆ. ಚಿಕ್ಕಂದಿನಲ್ಲೇ ವೃಷಣ ತೆಗೆಸಿಕೊಂಡಿದ್ದ ಇನ್ನೊಬ್ಬನಿಗೆ ನಡುವಯಸ್ಸಿನಲ್ಲೂ ತಲೆತುಂಬ ಕೂದಲು. ಟೆಸ್ಟೋಸ್ಟಿರೋನ್ ಶುರು ಮಾಡಿದ ಕೆಲವೇ ತಿಂಗಳಲ್ಲಿ ಅವನ ತಲೆಯೂ ಸೋದರನ ತಲೆಯಂತಾಯಿತು. ಅಷ್ಟು ವರ್ಷ ಸುಮ್ಮನಿದ್ದ ವಂಶದ ಗುಣ, ಹಾರ್ಮೋನು ಬಂದೊಡನೆ ಎಚ್ಚರಗೊಂಡಿತ್ತು.

ಇವುಗಳಿಂದ ಮೂರು ಸಂಗತಿ ಸ್ಪಷ್ಟವಾದವು. ಗಂಡಸರ ಬೊಕ್ಕತಲೆಗೆ ಹಾರ್ಮೋನು ಬೇಕೇ ಬೇಕು. ಹಾರ್ಮೋನು ಇದ್ದಮಾತ್ರಕ್ಕೆ ಸಾಲದು, ಅದಕ್ಕೆ ಓಗೊಡುವ ಗುಣ ಕೂದಲಿನ ಬುಡದಲ್ಲಿರಬೇಕು. ತಡವಾಗಿ ತಡೆದರೆ ಇರುವುದು ಉಳಿಯುತ್ತದೆ, ಕಳೆದದ್ದು ಸುಲಭಕ್ಕೆ ಬರುವುದಿಲ್ಲ. ಅಲ್ಲಿಂದೀಚೆಗೆ ಕೂದಲಿನ ಚಿಕಿತ್ಸೆ ಎಷ್ಟೋ ದಾರಿ ಹಿಡಿದಿದ್ದರೂ ಈ ಮೂರು ಸಂಗತಿಗಳನ್ನು ದಾಟಿ ಹೋಗಿಲ್ಲ.

ಬುಡದ ಬಾಳು

ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ರೋಮಕೂಪಗಳಿವೆ. ಪ್ರತಿಯೊಂದೂ ತನ್ನದೇ ಗಡಿಯಾರದಂತೆ ಬೆಳೆಯುತ್ತದೆ, ಕುಗ್ಗುತ್ತದೆ, ವಿಶ್ರಮಿಸುತ್ತದೆ, ಮತ್ತೆ ಬೆಳೆಯುತ್ತದೆ. ಬೆಳೆಯುವ ಹಂತ 2ರಿಂದ 6 ವರ್ಷ. ಆಗ ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಉದ್ದವಾಗುತ್ತದೆ. ಕುಗ್ಗುವ ಹಂತ ಎರಡು ಮೂರು ವಾರದ್ದು. ಆಮೇಲೆ ಸುಮಾರು ಮೂರು ತಿಂಗಳ ವಿಶ್ರಾಂತಿ. ವಿಶ್ರಾಂತಿ ಮುಗಿದ ಬುಡದಲ್ಲಿ ಹೊಸ ಕೂದಲು ಮೊಳೆಯುವಾಗ ಹಳೆಯದು ಕಳಚಿ ಬೀಳುತ್ತದೆ. ಬಾಚಣಿಗೆಯಲ್ಲಿ ದಿನಕ್ಕೆ 50ರಿಂದ 100 ಕೂದಲು ಕಂಡರೆ ಗಾಬರಿ ಬೇಡ ಎಂದು ವೈದ್ಯರು ಹೇಳುವುದು ಇದಕ್ಕೇ.

ಪ್ರತಿ ಬುಡದ ತಳದಲ್ಲಿ ಕೋಶಗಳ ಒಂದು ಪುಟ್ಟ ಗುಚ್ಛವಿದೆ. ಅದರ ಹೆಸರು ಡರ್ಮಲ್ ಪ್ಯಾಪಿಲ್ಲಾ. ರಕ್ತದಲ್ಲಿ ಹರಿದುಬರುವ ಹಾರ್ಮೋನುಗಳನ್ನು ಹಿಡಿಯುವ ಗ್ರಾಹಕಗಳು ಅಲ್ಲಿವೆ. ಬೆಳೆ, ನಿಲ್ಲು ಎಂಬ ಆಜ್ಞೆ ಸುತ್ತಲಿನ ಕೋಶಗಳಿಗೆ ಹೊರಡುವುದೂ ಅಲ್ಲಿಂದಲೇ. ಕೂದಲಿನ ದಪ್ಪ ಎಷ್ಟಿರಬೇಕೆಂಬುದು ಬಹುಮಟ್ಟಿಗೆ ಈ ಗುಚ್ಛದ ಗಾತ್ರವನ್ನೇ ಅವಲಂಬಿಸಿದೆ.

ಬೊಕ್ಕತಲೆಯೆಂದರೆ ಕೂದಲು ಬೇರುಸಹಿತ ಕಿತ್ತುಬರುವುದೆಂದು ಹಲವರ ಭಾವನೆ. ಒಳಗೆ ನಡೆಯುವುದು ಬೇರೆ. ಬೆಳೆಯುವ ಹಂತ ಸುತ್ತಿನಿಂದ ಸುತ್ತಿಗೆ ಮೊಟಕಾಗುತ್ತದೆ. ವರ್ಷಗಟ್ಟಲೆ ಬೆಳೆಯುತ್ತಿದ್ದ ಕೂದಲು ಕೆಲವೇ ತಿಂಗಳಲ್ಲಿ ಬೆಳವಣಿಗೆ ಮುಗಿಸುತ್ತದೆ. ಬುಡ ಕಿರಿದಾಗುತ್ತ ಬಂದು, ಕೊನೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ನವಿರು ಮಾತ್ರ ಹೊರಡಿಸುತ್ತದೆ. ನುಣ್ಣಗೆ ಕಾಣುವ ತಲೆಯಲ್ಲೂ ಕಿರಿದಾದ ಬುಡಗಳು ಬಹಳ ಕಾಲ ಜೀವಂತವಾಗಿರುತ್ತವೆ. ಚಿಕಿತ್ಸೆಯ ಆಸೆಯೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಸಲಿನಾಸ್ ಹಳ್ಳಿಯ ಮಕ್ಕಳು

ಹಾಗಾದರೆ ಬೊಕ್ಕತಲೆ ತಡೆಯಲು ಟೆಸ್ಟೋಸ್ಟಿರೋನನ್ನೇ ಇಳಿಸಬೇಕೆ? ಹಾಗೆ ಮಾಡಿದರೆ ಸ್ನಾಯು, ಮೂಳೆ, ಲೈಂಗಿಕ ಆಸಕ್ತಿ, ಸಂತಾನಶಕ್ತಿ ಎಲ್ಲವೂ ಪೆಟ್ಟು ತಿನ್ನುತ್ತವೆ. ಕೂದಲಿಗಾಗಿ ಯಾರೂ ತೆರಲಾರದ ಬೆಲೆ ಅದು. ಬೇರೆ ದಾರಿ ತೋರಿಸಿದ್ದು ಡೊಮಿನಿಕನ್ ಗಣರಾಜ್ಯದ ಒಂದು ಹಳ್ಳಿ.

1968ರಲ್ಲಿ ನಿಕೊಲಸ್ ಬ್ರುಕೊವ್‌ಸ್ಕಿ ಮತ್ತು ಜೀನ್ ವಿಲ್ಸನ್, ಪ್ರಾಸ್ಟೇಟ್ ಗ್ರಂಥಿಯ ಕೋಶಗಳ ಒಳಗೆ ಟೆಸ್ಟೋಸ್ಟಿರೋನ್ ಇನ್ನೂ ಪ್ರಬಲವಾದ ಇನ್ನೊಂದು ಹಾರ್ಮೋನಾಗಿ ಮಾರ್ಪಡುವುದನ್ನು ತೋರಿಸಿದ್ದರು. ಅದು ಡೈಹೈಡ್ರೊಟೆಸ್ಟೋಸ್ಟಿರೋನ್, ಚಿಕ್ಕದಾಗಿ ಡಿಎಚ್‌ಟಿ. ಈ ಮಾರ್ಪಾಟು ಮಾಡುವ ಕಿಣ್ವ 5-ಆಲ್ಫಾ ರಿಡಕ್ಟೇಸ್. ಕೆಲವೇ ವರ್ಷಗಳ ನಂತರ ಕಾರ್ನೆಲ್ ವಿಶ್ವವಿದ್ಯಾಲಯದ ಜೂಲಿಯಾನ್ ಇಂಪೆರಾಟೊ ಮೆಕ್‌ಗಿನ್ಲಿ, ಡೊಮಿನಿಕನ್ ಗಣರಾಜ್ಯದ ಸಲಿನಾಸ್ ಎಂಬ ಹಳ್ಳಿಗೆ ಹೋದರು. ಹುಟ್ಟಿದಾಗ ಹೆಣ್ಣೆಂದು ತೋರಿದ ಕೆಲವು ಮಕ್ಕಳು ಅಲ್ಲಿ ಪ್ರಾಯ ಬಂದೊಡನೆ ಗಂಡಾಗಿ ಬೆಳೆಯುತ್ತಿದ್ದರು. ಅವರಲ್ಲಿ ಕೊರತೆಯಿದ್ದದ್ದು ಇದೇ ಕಿಣ್ವ. ಗರ್ಭದಲ್ಲಿ ಗಂಡುಮಗುವಿನ ಹೊರ ಜನನಾಂಗ ರೂಪುಗೊಳ್ಳಲು ಡಿಎಚ್‌ಟಿ ಬೇಕು. ಅದಿಲ್ಲದ್ದರಿಂದ ಹುಟ್ಟಿನಲ್ಲಿ ಗುರುತು ಸಿಗುತ್ತಿರಲಿಲ್ಲ. ಪ್ರಾಯದಲ್ಲಿ ಟೆಸ್ಟೋಸ್ಟಿರೋನ್ ಏರಿದಾಗ ದನಿ ಒಡೆಯುತ್ತಿತ್ತು, ಮೈಕಟ್ಟು ಬಲಿಯುತ್ತಿತ್ತು.

1974ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅವರ ವರದಿಯಲ್ಲಿ ಔಷಧ ವಿಜ್ಞಾನಿಗಳ ಗಮನ ಸೆಳೆದ ವಿವರ ಇನ್ನೊಂದಿತ್ತು. ಇವರು ಬೆಳೆದು ದೊಡ್ಡವರಾದರೂ ಪ್ರಾಸ್ಟೇಟ್ ಸಣ್ಣದಾಗಿಯೇ ಉಳಿದಿತ್ತು, ಗಡ್ಡ ವಿರಳವಾಗಿತ್ತು, ಹಣೆಯ ಕೂದಲು ಹಿಂದೆ ಸರಿದಿರಲಿಲ್ಲ. ಟೆಸ್ಟೋಸ್ಟಿರೋನಿಗೆ ಕೈಹಚ್ಚದೆ, ಅದು ಡಿಎಚ್‌ಟಿ ಆಗುವುದನ್ನಷ್ಟೇ ತಡೆದರೆ ಏನಾದೀತೆಂದು ಪ್ರಕೃತಿಯೇ ಮಾಡಿ ತೋರಿಸಿದಂತಿತ್ತು. ಮರ್ಕ್ ಕಂಪನಿಯ ಸಂಶೋಧನಾ ಮುಖ್ಯಸ್ಥ ರಾಯ್ ವ್ಯಾಜೆಲೋಸ್ ಈ ಸುಳಿವನ್ನು ಬೆನ್ನಟ್ಟಿದರು. ಆ ಕಿಣ್ವವನ್ನು ತಡೆಯುವ ಫಿನಾಸ್ಟರೈಡ್ 1992ರಲ್ಲಿ ಪ್ರಾಸ್ಟೇಟ್ ಊತಕ್ಕೆ 5 ಮಿಲಿಗ್ರಾಂ ಮಾತ್ರೆಯಾಗಿ ಬಂತು, 1997ರಲ್ಲಿ ಗಂಡಸರ ಬೊಕ್ಕತಲೆಗೆ 1 ಮಿಲಿಗ್ರಾಂ ಮಾತ್ರೆಯಾಗಿ ಬಂತು.

ಫಲಿತಾಂಶ ಹೇಗಿತ್ತು? ಐದು ವರ್ಷ ಮಾತ್ರೆ ತೆಗೆದುಕೊಂಡವರ ಫೋಟೊಗಳನ್ನು ಹೋಲಿಸಿ ನೋಡಿದಾಗ 48% ಮಂದಿಯಲ್ಲಿ ಕೂದಲು ಹೆಚ್ಚಿತ್ತು, 42% ಮಂದಿಯಲ್ಲಿ ಇದ್ದಷ್ಟೇ ಇತ್ತು, 10% ಮಂದಿಯಲ್ಲಿ ಕಡಿಮೆಯಾಗಿತ್ತು. ಸುಳ್ಳುಮಾತ್ರೆ ಪಡೆದ ಗುಂಪಿನಲ್ಲಿ 75% ಮಂದಿಯ ಕೂದಲು ಕಡಿಮೆಯಾಗಿತ್ತು. ಈ ಅಂಕಿಗಳನ್ನು ನಿಧಾನವಾಗಿ ಓದಬೇಕು. ಔಷಧದ ದೊಡ್ಡ ಗೆಲುವಿರುವುದು ಕಾಪಾಡುವುದರಲ್ಲಿ. ಹ್ಯಾಮಿಲ್ಟನ್ ಕಂಡಿದ್ದೂ ಅದನ್ನೇ. ಮಾತ್ರೆ ಬಿಟ್ಟರೆ ಡಿಎಚ್‌ಟಿ ಮತ್ತೆ ಏರುತ್ತದೆ, ಒಂದು ವರ್ಷದೊಳಗೆ ಗಳಿಸಿದ್ದೆಲ್ಲ ಕರಗುತ್ತದೆ.

ಗಡ್ಡಕ್ಕೆ ಹಿತ, ನೆತ್ತಿಗೆ ಅಹಿತ

ಇಲ್ಲೊಂದು ಒಗಟಿದೆ. ನೆತ್ತಿಯ ಕೂದಲನ್ನು ಕುಗ್ಗಿಸುವ ಈ ಹಾರ್ಮೋನುಗಳೇ ಗಡ್ಡ, ಮೀಸೆ, ಎದೆಯ ಕೂದಲನ್ನು ಬೆಳೆಸುತ್ತವೆ. ದ್ವೀಪವೊಂದರಲ್ಲಿ ಒಂಟಿಯಾಗಿ ಕೆಲಸ ಮಾಡುತ್ತಿದ್ದ ವಿಜ್ಞಾನಿಯೊಬ್ಬ ದಿನವೂ ತನ್ನ ಕ್ಷೌರದ ಯಂತ್ರದಲ್ಲಿ ಉಳಿದ ಗಡ್ಡದ ಚೂರನ್ನು ತೂಗಿ ಬರೆದಿಡುತ್ತಿದ್ದ. ಸಂಗಾತಿಯನ್ನು ಕಾಣಲು ಊರಿಗೆ ಹೊರಡುವ ಹೊತ್ತು ಬಂದಾಗ ಗಡ್ಡದ ತೂಕ ಏರುತ್ತಿತ್ತು. ಹೆಸರು ಹಾಕದೆ ಅವನು ಬರೆದ ಈ ವರದಿಯನ್ನು 1970ರಲ್ಲಿ 'ನೇಚರ್' ಪತ್ರಿಕೆ ಪ್ರಕಟಿಸಿತು. ಹಾರ್ಮೋನಿನ ಏರಿಳಿತವನ್ನು ಗಡ್ಡದ ಬುಡ ಎಷ್ಟು ಬೇಗ ಗ್ರಹಿಸುತ್ತದೆಂಬುದಕ್ಕೆ ಅದು ಒಂದು ನಿದರ್ಶನ.

ಒಂದೇ ಮಳೆ ದಿಬ್ಬದ ಹೊಲದ ರಾಗಿಗೆ ಜೀವ ಕೊಡುತ್ತದೆ, ತಗ್ಗಿನ ಹೊಲದ ರಾಗಿಯನ್ನು ಕೊಳೆಸುತ್ತದೆ. ಮಳೆಯಲ್ಲಿ ವ್ಯತ್ಯಾಸವಿಲ್ಲ, ನೆಲದಲ್ಲಿದೆ. ಡಿಎಚ್‌ಟಿ ಮುಟ್ಟಿದಾಗ ಗಡ್ಡದ ಪ್ಯಾಪಿಲ್ಲಾ ಕೋಶಗಳು ಬೆಳವಣಿಗೆಯನ್ನು ಹುರಿದುಂಬಿಸುವ ಪ್ರೋಟೀನುಗಳನ್ನು ಹೊರಬಿಡುತ್ತವೆ. ಬೋಳಾಗುವ ನೆತ್ತಿಯ ಕೋಶಗಳು ಟಿಜಿಎಫ್-ಬೀಟಾ, ಡಿಕೆಕೆ-1 ಮುಂತಾದ, ಬೆಳವಣಿಗೆಯನ್ನು ಅಡಗಿಸುವ ಪ್ರೋಟೀನುಗಳನ್ನು ಹೊರಬಿಡುತ್ತವೆ. ತಲೆಯ ಹಿಂಭಾಗದ ಬುಡಗಳು ಈ ಹಾರ್ಮೋನಿಗೆ ಹೆಚ್ಚು ಗಮನ ಕೊಡುವುದಿಲ್ಲ. ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆಂಟ್ರೀಚ್ 1950ರ ದಶಕದಲ್ಲಿ ಹಿಂಭಾಗದ ಚರ್ಮದ ತುಣುಕುಗಳನ್ನು ನೆತ್ತಿಗೆ ಕಸಿ ಮಾಡಿ ನೋಡಿದ. ಆ ಕೂದಲು ನೆತ್ತಿಯಲ್ಲೂ ಉದುರದೆ ಬೆಳೆಯುತ್ತಲೇ ಹೋಯಿತು. ಇಂದು ಕೂದಲು ಕಸಿ ನಡೆಯುತ್ತಿರುವುದು ಈ ಗುಣದ ಬಲದಿಂದ.

ಆದ್ದರಿಂದ ಬೊಕ್ಕತಲೆಯವರ ರಕ್ತದಲ್ಲಿ ಗಂಡು ಹಾರ್ಮೋನು ಹೆಚ್ಚಿದೆ, ಅವರು ಹೆಚ್ಚು ಪೌರುಷವಂತರು ಎಂಬ ಮಾತಿಗೆ ಆಧಾರವಿಲ್ಲ. ಅವರ ಟೆಸ್ಟೋಸ್ಟಿರೋನ್ ಸಾಮಾನ್ಯವಾಗಿ ಬೇರೆಯವರಷ್ಟೇ ಇರುತ್ತದೆ. ಬೊಕ್ಕತಲೆ ತಾಯಿಯ ಕಡೆಯಿಂದಲೇ ಬರುತ್ತದೆಂಬುದು ಅರ್ಧ ನಿಜ. ಗಂಡು ಹಾರ್ಮೋನಿನ ಗ್ರಾಹಕವನ್ನು ರೂಪಿಸುವ ವಂಶವಾಹಿ ಎಕ್ಸ್ ಕ್ರೋಮೊಸೋಮಿನಲ್ಲಿದೆ, ಗಂಡಿಗೆ ಅದು ಸಿಗುವುದು ತಾಯಿಯಿಂದಲೇ. ಆದರೆ ಎಡಿನ್‌ಬರ್ಗ್ ವಿಶ್ವವಿದ್ಯಾಲಯದವರು 2017ರಲ್ಲಿ ಬ್ರಿಟನ್ನಿನ 52,000ಕ್ಕೂ ಹೆಚ್ಚು ಗಂಡಸರ ವಂಶವಾಹಿಗಳನ್ನು ಜಾಲಾಡಿದಾಗ ಬೊಕ್ಕತಲೆಗೆ ನಂಟಿರುವ 287 ನೆಲೆಗಳು ಸಿಕ್ಕವು. ಎಕ್ಸ್‌ನಲ್ಲಿದ್ದವು ಅವುಗಳಲ್ಲಿ 40 ಮಾತ್ರ. ಅಪ್ಪನ ಕಡೆಯ ಪಾಲೂ ದೊಡ್ಡದೇ.

ಹೆಂಗಸರಲ್ಲಿ ಬೇರೆಯದೇ ಕಥೆ

ಬಸುರಿನಲ್ಲಿ ಈಸ್ಟ್ರೊಜೆನ್ ಏರಿರುತ್ತದೆ. ಅದರ ಪ್ರಭಾವದಲ್ಲಿ ಕೂದಲಿನ ಬೆಳೆಯುವ ಹಂತ ಲಂಬಿಸುತ್ತದೆ, ಉದುರಬೇಕಾದ ಕೂದಲೂ ಉಳಿದುಕೊಳ್ಳುತ್ತದೆ. ಜಡೆ ದಪ್ಪವಾಯಿತೆಂದು ಬಸುರಿಯರು ಹೇಳುವುದು ನಿಜ. ಹೆರಿಗೆಯಾದ ಕೂಡಲೆ ಈಸ್ಟ್ರೊಜೆನ್ ಕುಸಿಯುತ್ತದೆ. ತಡೆದು ನಿಂತಿದ್ದ ಬುಡಗಳೆಲ್ಲ ಒಟ್ಟಿಗೆ ವಿಶ್ರಾಂತಿಗೆ ಹೋಗುತ್ತವೆ. ಮೂರು ತಿಂಗಳ ಆಸುಪಾಸಿನಲ್ಲಿ ಬಾಣಂತಿಯ ಕೂದಲು ಹಿಡಿಹಿಡಿಯಾಗಿ ಬರತೊಡಗುತ್ತದೆ. ಮಗು ಮುಖ ನೋಡಿ ನಗಲು ಕಲಿತಾಗ ತಾಯಿಯ ಕೂದಲು ಉದುರುತ್ತದೆ ಎಂದು ಕೆಲವು ಮನೆಗಳಲ್ಲಿ ಹಿರಿಯರು ಹೇಳುವುದುಂಟು. ಮಗುವಿನ ನಗುವಿಗೂ ಕೂದಲಿಗೂ ನಂಟಿಲ್ಲ, ಆದರೆ ಕಾಲದ ಲೆಕ್ಕ ಸರಿಯಾಗಿದೆ. ಬುಡಗಳು ಕುಗ್ಗಿರುವುದಿಲ್ಲವಾದ್ದರಿಂದ ಹೆಚ್ಚಿನವರಲ್ಲಿ ಒಂದು ವರ್ಷದೊಳಗೆ ಕೂದಲು ಮರಳುತ್ತದೆ. ಇದಕ್ಕೆ ಹಾರ್ಮೋನು ಔಷಧ ಬೇಡ. ಒಳ್ಳೆಯ ಊಟ, ನಿದ್ದೆ, ಕಬ್ಬಿಣದ ಕೊರತೆಯಿದ್ದರೆ ಅದಕ್ಕೆ ಚಿಕಿತ್ಸೆ, ಇಷ್ಟು ಸಾಕು. ಟೈಫಾಯಿಡ್, ಡೆಂಗಿ, ಕೋವಿಡ್‌ನಂಥ ಜ್ವರ ಬಂದು ಹೋದ ಎರಡು ಮೂರು ತಿಂಗಳಿಗೆ ಕೂದಲು ಉದುರುವುದೂ ಇದೇ ಬಗೆಯದು.

ಹಾರ್ಮೋನನ್ನೇ ಔಷಧವಾಗಿ ಕೊಟ್ಟು ಕೂದಲನ್ನು ಮರಳಿ ಪಡೆಯುವ ನೇರ ಉದಾಹರಣೆ ಥೈರಾಯ್ಡ್‌ನದು. ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಕೂದಲು ಒರಟಾಗಿ ಒಣಗುತ್ತದೆ, ತಲೆಯೆಲ್ಲ ತೆಳುವಾಗುತ್ತದೆ, ಹುಬ್ಬಿನ ಹೊರತುದಿಯೂ ವಿರಳವಾಗುತ್ತದೆ. ಥೈರಾಕ್ಸಿನ್ ಮಾತ್ರೆಯಿಂದ ಕೊರತೆ ನೀಗಿದ ಮೇಲೆ ಕೆಲವು ತಿಂಗಳಲ್ಲಿ ಕೂದಲು ಚೇತರಿಸಿಕೊಳ್ಳುತ್ತದೆ. ಆದರೆ ಕೊರತೆಯಿಲ್ಲದವರು ಕೂದಲಿಗಾಗಿ ಥೈರಾಕ್ಸಿನ್ ನುಂಗಬಾರದು. ಹಾರ್ಮೋನು ಹೆಚ್ಚಾದರೂ ಕೂದಲು ಉದುರುತ್ತದೆ, ಜೊತೆಗೆ ಹೃದಯದ ಬಡಿತ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಇನ್ನೊಂದು ಎಚ್ಚರಿಕೆಯೂ ಮುಖ್ಯ. ಕೂದಲಿಗೆಂದು ಜನ ಔಷಧದಂಗಡಿಯಲ್ಲಿ ಕೊಳ್ಳುವ ಬಯೋಟಿನ್ ಮಾತ್ರೆ ಥೈರಾಯ್ಡ್ ರಕ್ತಪರೀಕ್ಷೆಯ ಅಂಕಿಗಳನ್ನೇ ತಪ್ಪಾಗಿ ತೋರಿಸಬಲ್ಲದು. ಪರೀಕ್ಷೆಗೆ ಹೋಗುವ ಮೊದಲು ಅದನ್ನು ತೆಗೆದುಕೊಳ್ಳುತ್ತಿರುವ ವಿಷಯ ವೈದ್ಯರಿಗೆ ತಿಳಿಸಲೇಬೇಕು.

ಪಿಸಿಓಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್) ಇರುವ ಹೆಣ್ಣುಮಕ್ಕಳಲ್ಲಿ ಅಂಡಾಶಯ ಗಂಡು ಹಾರ್ಮೋನುಗಳನ್ನು ಹೆಚ್ಚಾಗಿ ತಯಾರಿಸುತ್ತದೆ. ಮುಟ್ಟು ಏರುಪೇರಾಗುತ್ತದೆ, ಗಲ್ಲದ ಮೇಲೆ ಕೂದಲು ಬರುತ್ತದೆ, ನಡುಬೈತಲೆ ಅಗಲವಾಗುತ್ತದೆ. ಗಡ್ಡದ ಒಗಟು ಹೆಣ್ಣಿನ ಒಂದೇ ಮುಖದಲ್ಲಿ ಎರಡೂ ಬದಿಯಿಂದ ಕಾಣಿಸಿಕೊಳ್ಳುವುದು ಇಲ್ಲಿ. ಇಂಥವರಿಗೆ ವೈದ್ಯರು ಹಲವು ಸಲ ಸ್ಪೈರೊನೊಲ್ಯಾಕ್ಟೋನ್ ಕೊಡುತ್ತಾರೆ. ಮೂಲತಃ ಅದು ಮೈಯ ನೀರು ಇಳಿಸುವ, ರಕ್ತದೊತ್ತಡದ ಔಷಧ. ಗಂಡು ಹಾರ್ಮೋನು ಗ್ರಾಹಕಕ್ಕೆ ಅಂಟದಂತೆ ಅದು ತಡೆಯುತ್ತದೆಂಬುದು ಬಳಕೆಗೆ ಬಂದ ಮೇಲೆ ತಿಳಿದುಬಂತು. ಬಸುರಿನಲ್ಲಿ ಇದನ್ನಾಗಲಿ ಫಿನಾಸ್ಟರೈಡನ್ನಾಗಲಿ ತೆಗೆದುಕೊಳ್ಳಬಾರದು. ಸಲಿನಾಸ್ ಹಳ್ಳಿಯ ಮಕ್ಕಳಿಗೆ ಗರ್ಭದಲ್ಲಿ ಆದದ್ದು ಈ ಔಷಧಗಳಿಂದಲೂ ಗಂಡುಶಿಶುವಿಗೆ ಆಗಬಹುದು.

ಒತ್ತಡದ ಹಾರ್ಮೋನು

ಚಿಂತೆಯಿಂದ ಕೂದಲು ಉದುರುತ್ತದೆ ಎಂಬ ಮಾತಿಗೆ ಜೀವರಸಾಯನದ ವಿವರಣೆ ಸಿಕ್ಕಿದ್ದು ಇತ್ತೀಚೆಗೆ, ಅದರಲ್ಲೂ ಆಕಸ್ಮಿಕವಾಗಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದಲ್ಲಿ ಮಿಲಿಯನ್ ಮುಲುಗೇಟಾ ಮತ್ತು ಸಂಗಡಿಗರು, ಒತ್ತಡದಿಂದ ಕರುಳಿಗೆ ಏನಾಗುತ್ತದೆಂದು ಇಲಿಗಳಲ್ಲಿ ಪರೀಕ್ಷಿಸುತ್ತಿದ್ದರು. ಒತ್ತಡದ ಸರಣಿಯನ್ನು ಆರಂಭಿಸುವ ಸಿಆರ್‌ಎಫ್ ಎಂಬ ಹಾರ್ಮೋನು ಆ ಇಲಿಗಳ ಮೈಯಲ್ಲಿ ಅತಿಯಾಗಿ ತಯಾರಾಗುತ್ತಿತ್ತು. ವಯಸ್ಸಾದಂತೆ ಅವುಗಳ ಬೆನ್ನು ಬೋಳಾಗುತ್ತಿತ್ತು. ಸಿಆರ್‌ಎಫ್‌ನ ಗ್ರಾಹಕವನ್ನು ಮುಚ್ಚುವ ಅಸ್ಟ್ರೆಸಿನ್-ಬಿ ಎಂಬ ಪೆಪ್ಟೈಡನ್ನು ಐದು ದಿನ ಚುಚ್ಚಿ, ಕರುಳಿನ ಅಳತೆ ಮುಗಿಸಿ, ಇಲಿಗಳನ್ನು ಪಂಜರಕ್ಕೆ ಬಿಟ್ಟರು. ಮೂರು ತಿಂಗಳ ನಂತರ ಬಂದು ನೋಡಿದರೆ ಬೋಳು ಇಲಿಗಳು ಯಾವುವೆಂದೇ ಗೊತ್ತಾಗಲಿಲ್ಲ, ಎಲ್ಲಕ್ಕೂ ತುಪ್ಪಳ ಬಂದಿತ್ತು. 2011ರಲ್ಲಿ ಈ ಕೆಲಸ ಪ್ರಕಟವಾಯಿತು.

ಹತ್ತು ವರ್ಷದ ನಂತರ, 2021ರಲ್ಲಿ, ಹಾರ್ವರ್ಡಿನ ಯಾ-ಚಿಯೇ ಶು ಅವರ ತಂಡ ಇನ್ನೂ ಒಳಗಿನ ಕೊಂಡಿಯನ್ನು ಹಿಡಿಯಿತು. ಅಡ್ರಿನಲ್ ಗ್ರಂಥಿ ತೆಗೆದ ಇಲಿಗಳಲ್ಲಿ ಒತ್ತಡದ ಹಾರ್ಮೋನು ಕಾರ್ಟಿಕೊಸ್ಟಿರೋನ್ ಇರುವುದಿಲ್ಲ. ಅವುಗಳ ಬುಡಗಳ ವಿಶ್ರಾಂತಿ, 60ರಿಂದ 100 ದಿನ ಇರಬೇಕಾದದ್ದು, 20 ದಿನಕ್ಕೂ ಕಡಿಮೆಯಾಯಿತು. ಹೊಸ ಕೂದಲನ್ನು ಹುಟ್ಟಿಸುವ ಕಾಂಡಕೋಶಗಳನ್ನು ಈ ಹಾರ್ಮೋನು ನೇರವಾಗಿ ಮುಟ್ಟುವುದಿಲ್ಲ. ಅದು ಮಾತಾಡುವುದು ನಾವು ಆಗಲೇ ಕಂಡ ಪ್ಯಾಪಿಲ್ಲಾ ಜೊತೆ. ಕಾಂಡಕೋಶಗಳನ್ನು ಎಬ್ಬಿಸುವ ಗ್ಯಾಸ್-6 ಎಂಬ ಪ್ರೋಟೀನು ಅಲ್ಲಿಂದ ಹೊರಡದಂತೆ ಅದು ತಡೆಯುತ್ತದೆ. ಗ್ಯಾಸ್-6 ಕೊಟ್ಟಾಗ ಒತ್ತಡದಲ್ಲಿದ್ದ ಇಲಿಗಳಲ್ಲೂ ಕೂದಲು ಬೆಳೆಯಿತು.

ಇಲಿಯ ತುಪ್ಪಳ ಬೆಳೆಯುವ ಕ್ರಮಕ್ಕೂ ಮನುಷ್ಯನ ತಲೆಗೂದಲಿನ ಕ್ರಮಕ್ಕೂ ದೊಡ್ಡ ವ್ಯತ್ಯಾಸವಿದೆ. ಇಲಿಯಲ್ಲಿ ಬುಡಗಳು ಗುಂಪುಗುಂಪಾಗಿ ಮಲಗಿ ಏಳುತ್ತವೆ, ನಮ್ಮಲ್ಲಿ ಒಂದೊಂದೂ ಬೇರೆಬೇರೆ. ಆದ್ದರಿಂದ ಇಂಥ ಸುದ್ದಿ ಪತ್ರಿಕೆಯಲ್ಲಿ ಬಂದ ಮರುದಿನವೇ ಔಷಧ ಸಿಗುವುದಿಲ್ಲ. ಇವುಗಳ ಬೆಲೆಯಿರುವುದು ಹೊಸ ಬಾಗಿಲು ಎಲ್ಲಿದೆಯೆಂದು ತೋರಿಸಿದ್ದರಲ್ಲಿ.

ನೆತ್ತಿಯಲ್ಲೇ ತಡೆಯುವ ದಾರಿ

ಸಮಸ್ಯೆಯಿರುವುದು ನೆತ್ತಿಯ ಬುಡದಲ್ಲಿ ಎಂದ ಮೇಲೆ ಇಡೀ ಮೈಗೆ ಔಷಧ ಏಕೆ ಎಂಬ ಪ್ರಶ್ನೆ ಸಹಜ. ಈಗಿನ ಸಂಶೋಧನೆಯ ಮುಖ್ಯ ಒಲವು ಅತ್ತಲೇ. ಕ್ಲಾಸ್ಕೊಟೆರೋನ್ ಎಂಬ ಲೇಪ ಚರ್ಮದಲ್ಲಿ ಗಂಡು ಹಾರ್ಮೋನಿನ ಗ್ರಾಹಕವನ್ನು ಮುಚ್ಚುತ್ತದೆ. ರಕ್ತಕ್ಕೆ ಸೇರಿದ್ದು ಬೇಗನೆ ಒಡೆದು ದುರ್ಬಲವಾಗುತ್ತದೆ. ಅಮೆರಿಕದಲ್ಲಿ 2020ರಲ್ಲಿ ಮೊಡವೆಗೆ ಒಪ್ಪಿಗೆ ಪಡೆದ ಈ ಲೇಪವನ್ನು ಬೊಕ್ಕತಲೆಗಾಗಿ ದೊಡ್ಡ ಪ್ರಯೋಗಗಳಲ್ಲಿ ಪರೀಕ್ಷಿಸಲಾಗಿದೆ. ಹೆಂಗಸರ ನೆತ್ತಿಗೆ ಮೆಲಟೋನಿನ್ ದ್ರಾವಣ ಹಚ್ಚಿದಾಗ ಬೆಳೆಯುವ ಹಂತದ ಕೂದಲು ಹೆಚ್ಚಿದ್ದನ್ನು ಜರ್ಮನಿಯ ಒಂದು ಚಿಕ್ಕ ಪ್ರಯೋಗ 2004ರಲ್ಲಿ ವರದಿ ಮಾಡಿತ್ತು.

ಹಾಲೂಡಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್‌ಗೂ ಕೂದಲಿನ ಬುಡದಲ್ಲಿ ಗ್ರಾಹಕವಿದೆ. ಅದನ್ನು ಮುಚ್ಚುವ ಪ್ರತಿಕಾಯವೊಂದನ್ನು ಮೋಟುಬಾಲದ ಮಂಗಗಳಲ್ಲಿ ಪರೀಕ್ಷಿಸಿ, ಈಗ ಮನುಷ್ಯರಲ್ಲಿ ಪ್ರಯೋಗಿಸುತ್ತಿದ್ದಾರೆ. ಅಸ್ಸಾಮಿನ ಹೊಲ್ಲೊಂಗಾಪಾರ್ ಕಾಡಿನಲ್ಲೂ ಇರುವ ಈ ಜಾತಿಯ ಮಂಗಗಳಿಗೆ ಪ್ರಾಯ ಬಂದ ಮೇಲೆ ಮನುಷ್ಯರಂತೆಯೇ ಹಣೆ ಬೋಳಾಗುತ್ತದೆ. ಇಲಿ ಹೇಳಲಾಗದ ಉತ್ತರವನ್ನು ಇವು ಹೇಳಬಲ್ಲವು.

ಮಿನಾಕ್ಸಿಡಿಲ್ ಹೆಸರು ಕೇಳಿದವರು ಇದೂ ಹಾರ್ಮೋನೇ ಎಂದು ಕೇಳಬಹುದು. ಅಲ್ಲ. 1979ರಲ್ಲಿ ರಕ್ತದೊತ್ತಡದ ಮಾತ್ರೆಯಾಗಿ ಬಂದು, ರೋಗಿಗಳ ಮೈತುಂಬ ಕೂದಲು ಬೆಳೆಸಿದ್ದರಿಂದ 1988ರಲ್ಲಿ ನೆತ್ತಿಗೆ ಹಚ್ಚುವ ದ್ರಾವಣವಾಯಿತು. ಹಾರ್ಮೋನಿನ ತಂಟೆಗೆ ಹೋಗದೆ ಬೆಳೆಯುವ ಹಂತವನ್ನು ಲಂಬಿಸುವುದರಿಂದ ಫಿನಾಸ್ಟರೈಡ್ ಜೊತೆಗೂ ಬಳಸುತ್ತಾರೆ.

ತೆರಬೇಕಾದ ಬೆಲೆ

ಹಾರ್ಮೋನನ್ನು ಮುಟ್ಟುವ ಯಾವ ಔಷಧವೂ ಕೂದಲನ್ನು ಮಾತ್ರ ಮುಟ್ಟಿ ಸುಮ್ಮನಾಗುವುದಿಲ್ಲ. ಫಿನಾಸ್ಟರೈಡ್ ತೆಗೆದುಕೊಳ್ಳುವ ಗಂಡಸರಲ್ಲಿ ಕೆಲವರಿಗೆ ಲೈಂಗಿಕ ಆಸಕ್ತಿ ಕುಂದುತ್ತದೆ, ನಿಮಿರುವಿಕೆಯ ತೊಂದರೆ ಬರುತ್ತದೆ. ಮಾತ್ರೆ ಬಿಟ್ಟ ಮೇಲೂ ತೊಂದರೆ ಉಳಿಯಿತೆಂದವರ ವರದಿಗಳಿವೆ. ಖಿನ್ನತೆಯ ಎಚ್ಚರಿಕೆ ಔಷಧದ ವಿವರಪತ್ರದಲ್ಲೇ ಇದೆ. ಆತ್ಮಹತ್ಯೆಯ ಯೋಚನೆ ಇದರ ಅಡ್ಡಪರಿಣಾಮಗಳಲ್ಲೊಂದು ಎಂದು ಯುರೋಪಿನ ಔಷಧ ಸಂಸ್ಥೆ 2025ರಲ್ಲಿ ದೃಢಪಡಿಸಿತು. ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಗೆ ಮಾಡುವ ಪಿಎಸ್‌ಎ ಪರೀಕ್ಷೆಯ ಅಂಕಿಯನ್ನು ಈ ಮಾತ್ರೆ ಸುಮಾರು ಅರ್ಧಕ್ಕೆ ಇಳಿಸುತ್ತದೆ. ವೈದ್ಯರಿಗೆ ಹೇಳದಿದ್ದರೆ ರೋಗದ ಸುಳಿವೇ ತಪ್ಪಿಹೋಗಬಹುದು. ಈ ತೊಂದರೆಗಳು ಹೆಚ್ಚಿನವರಿಗೆ ಬರುವುದಿಲ್ಲ. ಆದರೆ ಬಂದವರಿಗೆ ಅದು ಅಂಕಿಸಂಖ್ಯೆಯ ಮಾತಲ್ಲ. ಅದಕ್ಕೇ ಇಪ್ಪತ್ತರ ಹರೆಯದ ಹುಡುಗರು ಫೋನಿನಲ್ಲಿ ಜಾಹೀರಾತು ನೋಡಿ, ಯಾವ ವೈದ್ಯರ ಮುಖವನ್ನೂ ಕಾಣದೆ ಈ ಮಾತ್ರೆ ತರಿಸಿಕೊಳ್ಳುವುದು ನನಗೆ ಕಳವಳದ ವಿಷಯ.

ಚಿಕಿತ್ಸೆಗೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನನ್ನ ಕೂದಲಿನ ಬುಡಕ್ಕೆ ಯಾವ ಸಂದೇಶ ತಲುಪುತ್ತಿದೆ? ಬಾಣಂತನದ್ದಾದರೆ ಕಾಯಬೇಕು. ಥೈರಾಯ್ಡ್‌ನದಾದರೆ ಕೊರತೆ ತುಂಬಬೇಕು. ಪಿಸಿಓಎಸ್ ಆದರೆ ಕೂದಲಿನ ಜೊತೆ ಮುಟ್ಟು, ತೂಕ, ಸಕ್ಕರೆ ಎಲ್ಲವನ್ನೂ ನೋಡಿಸಿಕೊಳ್ಳಬೇಕು. ನಾಣ್ಯದಗಲ ಒಮ್ಮೆಲೇ ಬೋಳಾದರೆ ಅದು ದೇಹದ ರೋಗನಿರೋಧಕ ವ್ಯವಸ್ಥೆಯ ಎಡವಟ್ಟು, ಡಿಎಚ್‌ಟಿ ತಡೆದು ಪ್ರಯೋಜನವಿಲ್ಲ. ವಂಶದಿಂದ ಬಂದ ಬೊಕ್ಕತಲೆಯಾದರೆ ಬುಡಗಳು ಇನ್ನೂ ಉಳಿದಿರುವಾಗ, ಬೆಲೆಯನ್ನು ತಿಳಿದು, ಚರ್ಮವೈದ್ಯರ ಜೊತೆ ಕೂತು ನಿರ್ಧರಿಸಬೇಕು. ಆರು ತಿಂಗಳಿಗೆ ಮೊದಲು ಫಲ ಕಾಣದೆಂಬ ತಾಳ್ಮೆಯೂ ಬೇಕು.

ಚಿಕಿತ್ಸೆ ಬೇಡ ಎನ್ನುವುದೂ ಸರಿಯಾದ ನಿರ್ಧಾರವೇ. ವಂಶದಿಂದ ಬಂದ ಬೊಕ್ಕತಲೆ ಯಾವ ಅಂಗವನ್ನೂ ಕೆಡಿಸುವುದಿಲ್ಲ, ಆಯುಷ್ಯ ಕಡಿಮೆ ಮಾಡುವುದಿಲ್ಲ. ಅದನ್ನು ನೋಡಿ ನಗುವ ಸಮಾಜದಿಂದ ಬರುವ ನೋವು ಮಾತ್ರ ನಿಜವಾದದ್ದು. ಆ ನೋವಿಗೆ ಔಷಧ ಕೇಳಿ ಬಂದವರನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಅವರಿಗೆ ಸಿಗಬೇಕಾದದ್ದು ಪೂರ್ತಿ ಮಾಹಿತಿ: ಔಷಧ ಏನನ್ನು ಉಳಿಸಬಲ್ಲದು, ಏನನ್ನು ತರಲಾರದು, ಬದಲಿಗೆ ಏನನ್ನು ಕೇಳಬಹುದು. ಇವು ಮೂರೂ ತಿಳಿದ ಮೇಲೆ ಬೇಕು ಎಂದರೂ ಬೇಡ ಎಂದರೂ ಆ ತೀರ್ಮಾನ ಅವರದ್ದಾಗಿರುತ್ತದೆ.